ಭುಜದ ಹತ್ತಿರ ತೋಳಿನ ಮೂಳೆ ಮುರಿದಿದೆ: ಆಪರೇಷನ್ ಬೇಕಾ, ಬೆಲ್ಟ್ ಸಾಕಾ?

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಎಕ್ಸ್‌ರೇ ಆಗಿದೆ. ಭುಜದ ಸ್ವಲ್ಪ ಕೆಳಗೆ ಮೂಳೆ ಮುರಿದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಇವತ್ತೇ ಅಡ್ಮಿಟ್ ಮಾಡಿ, ನಾಳೆ ಪ್ಲೇಟ್ ಹಾಕೋಣ ಅಂದಿರಬಹುದು. ಇಲ್ಲವೇ ಕೈಯನ್ನು ಎದೆಗೆ ಒರಗಿಸಿ ಹಿಡಿಯುವ ಒಂದು ಬೆಲ್ಟ್ ಹಾಕಿ, ಹತ್ತು ದಿನ ಬಿಟ್ಟು ಬನ್ನಿ ಅಂತ ಕಳಿಸಿರಬಹುದು. ಎರಡರಲ್ಲೂ ಮನೆಯವರಿಗೆ ಗಾಬರಿಯೇ. ಈ ವಯಸ್ಸಲ್ಲಿ ಆಪರೇಷನ್ನಾ ಅನ್ನುವ ಭಯ ಒಂದು ಕಡೆ, ಇಷ್ಟು ದೊಡ್ಡ ಮುರಿತಕ್ಕೆ ಬರೀ ಬೆಲ್ಟಾ ಅನ್ನುವ ಅನುಮಾನ ಇನ್ನೊಂದು ಕಡೆ.

ನಾನು ಫಿಸಿಯೋಥೆರಪಿ ಮಾಡುವವಳು. ಆಪರೇಷನ್ ಆದವರೂ ಬರುತ್ತಾರೆ, ಆಗದವರೂ ಬರುತ್ತಾರೆ. ಆಪರೇಷನ್ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಮೂಳೆ ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಆ ತೀರ್ಮಾನದಲ್ಲಿ ಮನೆಯವರಿಗೂ ಪಾಲಿದೆ, ಯಾಕೆಂದರೆ ಅರ್ಧ ಉತ್ತರ ಎಕ್ಸ್‌ರೇಯಲ್ಲಿದ್ದರೆ ಇನ್ನರ್ಧ ಬಿದ್ದವರ ಬದುಕಿನಲ್ಲಿದೆ, ಅದು ಗೊತ್ತಿರುವುದು ನಿಮಗೆ. ವಯಸ್ಸಾದವರಲ್ಲಿ ಈ ಮುರಿತಗಳಲ್ಲಿ ಹೆಚ್ಚಿನವು ಆಪರೇಷನ್ ಇಲ್ಲದೆಯೇ ಕೂಡಿಕೊಳ್ಳುತ್ತವೆ. ಕೆಲವು ಮಾತ್ರ ಖಂಡಿತ ಕೂಡಿಕೊಳ್ಳುವುದಿಲ್ಲ. ನಿಮ್ಮದು ಯಾವುದು ಅಂತ ತಿಳಿಯಲು ಏನೇನು ಕೇಳಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡಿ: ಇದು ತುರ್ತಾ?

ಈ ಮುರಿತಗಳಲ್ಲಿ ಬಹುಪಾಲು ತುರ್ತಲ್ಲ. ಯೋಚನೆ ಮಾಡಲು, ಇನ್ನೊಬ್ಬ ಡಾಕ್ಟರನ್ನು ಕೇಳಲು ಸಾಮಾನ್ಯವಾಗಿ ಒಂದು ವಾರ ಸಿಗುತ್ತದೆ. ಆದರೆ ಕೆಲವು ಸಲ ಒಂದು ಗಂಟೆಯನ್ನೂ ಸುಮ್ನೆ ಕಳೆಯಬಾರದು. ಕೈ ತಣ್ಣಗಾಗಿ ಬಿಳಿಚಿಕೊಂಡಿದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಕಂಕುಳಲ್ಲಿ ಊತ ನೋಡನೋಡುತ್ತಾ ದೊಡ್ಡದಾಗುತ್ತಿದ್ದರೆ ರಕ್ತನಾಳಕ್ಕೆ ಪೆಟ್ಟು ಬಿದ್ದಿರಬಹುದು. ಚರ್ಮ ಹರಿದು ಗಾಯದಿಂದ ಮೂಳೆ ಕಾಣುತ್ತಿದ್ದರೆ, ಅಥವಾ ಮೂಳೆ ಮುರಿದಿರುವುದರ ಜೊತೆಗೆ ಕೀಲೂ ತಪ್ಪಿದ್ದರೆ ಅದೂ ತುರ್ತೇ. ಕೈಬೆರಳು, ಮಣಿಕಟ್ಟು ಆಡಿಸಲು ಆಗುತ್ತಿಲ್ಲ ಅಂದರೆ ಆಗಲೇ ಡಾಕ್ಟರಿಗೆ ಹೇಳಿ.

ಭುಜದ ಹೊರಬದಿಯಲ್ಲಿ ಒಂದು ಅಂಗೈಯಷ್ಟು ಜಾಗ ಮರಗಟ್ಟಿದ ಹಾಗೆ ಇರುವುದು ಇನ್ನೊಂದು ವಿಷಯ. ಭುಜದ ಮೇಲಿನ ದಪ್ಪ ಸ್ನಾಯುವನ್ನು, ಅಂದರೆ ಡೆಲ್ಟಾಯ್ಡನ್ನು ಆಡಿಸುವ ನರ ಮೂಳೆಗೆ ಅಂಟಿಕೊಂಡೇ ಸುತ್ತಿ ಹೋಗುತ್ತದೆ. ಬಿದ್ದಾಗ ಅದು ಎಳೆದುಕೊಂಡಿರಬಹುದು. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಆದರೂ ಇದನ್ನು ಮೊದಲ ದಿನವೇ ಪರೀಕ್ಷೆ ಮಾಡಿಸಿ ಫೈಲಿನಲ್ಲಿ ಬರೆಸಿಕೊಳ್ಳಿ. ಆಪರೇಷನ್ ಆದಮೇಲೆ ಮರಗಟ್ಟಿದ್ದು ಗೊತ್ತಾದರೆ ಅದು ಬಿದ್ದಾಗ ಆದದ್ದಾ, ಆಪರೇಷನ್ನಿನಲ್ಲಿ ಆದದ್ದಾ ಅಂತ ಹೇಳುವುದು ಕಷ್ಟ.

ಇನ್ನೊಂದು ಕೆಲಸ ಮನೆಯಲ್ಲೇ, ಆಸ್ಪತ್ರೆಗೆ ಹೊರಡುವ ಮೊದಲೇ ಮಾಡಬೇಕು. ಆ ಕೈಯ ಬಳೆ, ಉಂಗುರ, ವಾಚು ಎಲ್ಲ ತೆಗೆದುಬಿಡಿ. ಸಂಜೆಯೊಳಗೆ ಕೈ ಊದಿಕೊಳ್ಳುತ್ತದೆ, ಆಮೇಲೆ ಚಿನ್ನದ ಬಳೆಯನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಮುರಿದಿರುವುದು ಏನು?

ತೋಳಿನ ಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇದೆ, ಅದು ಭುಜದ ಬಟ್ಟಲಿನಲ್ಲಿ ಕೂತಿರುತ್ತದೆ. ಗುಂಡಿನ ಪಕ್ಕ ಎರಡು ಉಬ್ಬುಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು. ಕೈ ಎತ್ತುವ, ತಿರುಗಿಸುವ ಸ್ನಾಯುಗಳು ಅಂಟಿಕೊಂಡಿರುವುದು ಈ ಉಬ್ಬುಗಳಿಗೇ. ಅವುಗಳ ಕೆಳಗೆ ಉದ್ದ ಮೂಳೆ. ಮುರಿದಾಗ ಸಾಮಾನ್ಯವಾಗಿ ಈ ನಾಲ್ಕು ತುಂಡುಗಳ ನಡುವೆಯೇ ಬಿರುಕು ಬರುತ್ತದೆ. ಅಮೆರಿಕದ ಚಾರ್ಲ್ಸ್ ನೀರ್ ಎಂಬ ಡಾಕ್ಟರ್ 1970ರಲ್ಲಿ ಇದನ್ನೇ ಇಟ್ಟುಕೊಂಡು ಒಂದು ವರ್ಗೀಕರಣ ಮಾಡಿದರು. ಒಂದು ತುಂಡು 1 ಸೆಂಟಿಮೀಟರಿಗಿಂತ ಜಾಸ್ತಿ ಸರಿದಿದ್ದರೆ ಅಥವಾ 45 ಡಿಗ್ರಿಗಿಂತ ಜಾಸ್ತಿ ಓರೆಯಾಗಿದ್ದರೆ ಮಾತ್ರ ಅದನ್ನು ಬೇರೆ ಭಾಗ ಅಂತ ಲೆಕ್ಕ ಹಾಕುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಟೂ ಪಾರ್ಟ್, ತ್ರೀ ಪಾರ್ಟ್, ಫೋರ್ ಪಾರ್ಟ್ ಅಂತ ಇರುವುದು ಇದೇ. ಹಾಗಾಗಿ ಎಕ್ಸ್‌ರೇಯಲ್ಲಿ ನಾಲ್ಕು ಗೆರೆ ಕಂಡರೂ ಯಾವುದೂ ಹೆಚ್ಚು ಸರಿಯದಿದ್ದರೆ ಅದು ಒನ್ ಪಾರ್ಟ್ ಮುರಿತ. ಅದಕ್ಕೆ ಬೆಲ್ಟ್ ಸಾಕು. ದೊಡ್ಡ ಉಬ್ಬಿನ ವಿಷಯವೊಂದನ್ನು ಬಿಟ್ಟರೆ (ಅದನ್ನು ಮುಂದೆ ಹೇಳುತ್ತೇನೆ) ಅದರಲ್ಲಿ ಚರ್ಚೆಯೇ ಇಲ್ಲ.

ಚರ್ಚೆ ಇರುವುದು ಸರಿದಿರುವ ಮುರಿತಗಳಲ್ಲಿ. ಒಂದೇ ಎಕ್ಸ್‌ರೇಯನ್ನು ನೋಡಿ ಒಬ್ಬ ಅನುಭವಿ ಡಾಕ್ಟರ್ ಟೂ ಪಾರ್ಟ್ ಅಂದರೆ ಇನ್ನೊಬ್ಬರು ತ್ರೀ ಪಾರ್ಟ್ ಅನ್ನುವುದು ಮಾಮೂಲಿ. ಅದರಲ್ಲಿ ಯಾರ ಮೋಸವೂ ಇಲ್ಲ, ಈ ಜಾಗದ ಎಕ್ಸ್‌ರೇ ಓದುವುದೇ ಅಷ್ಟು ಕಷ್ಟ. ಆದ್ದರಿಂದ ಸೆಕೆಂಡ್ ಒಪಿನಿಯನ್ ತೆಗೆದುಕೊಳ್ಳಲು ಮುಜುಗರ ಬೇಡ. ಭುಜದ ಆಪರೇಷನ್ನುಗಳನ್ನೇ ಹೆಚ್ಚಾಗಿ ಮಾಡುವ ಡಾಕ್ಟರ್ ಸಿಕ್ಕರೆ ಒಳ್ಳೆಯದು. ದುಡ್ಡಿನ ಯೋಚನೆ ಇದ್ದರೆ ಬೆಂಗಳೂರಿನವರಿಗೆ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಉಳಿದ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮೂಳೆ ವಿಭಾಗಕ್ಕೆ ಹೋಗಬಹುದು.

ಎಕ್ಸ್‌ರೇ ಸರಿಯಾಗಿ ತೆಗೆಸಿ

ಮುಂದಿನಿಂದ ತೆಗೆದ ಒಂದೇ ಒಂದು ಫಿಲ್ಮ್ ನೋಡಿ ತೀರ್ಮಾನ ಮಾಡಬಾರದು. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಸಾಧ್ಯವಾದರೆ ಕಂಕುಳ ಕಡೆಯಿಂದ ಒಂದು ಬೇಕು. ಮೂರನೆಯದನ್ನು ತೆಗೆಯಲು ಕೈ ಸ್ವಲ್ಪ ದೂರ ಮಾಡಬೇಕಾಗುತ್ತದೆ, ನೋವಾಗುತ್ತದೆ, ಅದಕ್ಕೇ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ಆದರೆ ಗುಂಡು ಬಟ್ಟಲಿನೊಳಗೆ ಇದೆಯೋ, ಹಿಂದಕ್ಕೆ ಜಾರಿದೆಯೋ ಅನ್ನುವುದು ಚೆನ್ನಾಗಿ ಕಾಣುವುದು ಅದರಲ್ಲೇ. ಫಿಟ್ಸ್ ಬಂದು ಅಥವಾ ಕರೆಂಟ್ ಶಾಕ್ ಹೊಡೆದು ಈ ಮುರಿತ ಆಗಿದ್ದರೆ ಇದನ್ನು ಒತ್ತಾಯ ಮಾಡಿ ಕೇಳಿ. ಅಂಥವರಲ್ಲಿ ಕೀಲು ಹಿಂದಕ್ಕೆ ತಪ್ಪುವುದು ಹೆಚ್ಚು, ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಅದು ಕಣ್ಣಿಗೆ ಬೀಳದೇ ಹೋಗಬಹುದು. ಕೈ ಎತ್ತಲು ಆಗದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಬಹುದು. ಆಪರೇಷನ್ ಬಗ್ಗೆ ಗಂಭೀರವಾಗಿ ಯೋಚಿಸುತ್ತಿದ್ದರೂ ಸಿಟಿ ಮಾಡಿಸುವುದು ಒಳ್ಳೆಯದು. ಸುಮ್ಮನೆ ಬೆಲ್ಟ್ ಸಾಕು ಅನ್ನುವ ಮುರಿತಕ್ಕೆ ಅದು ಬೇಕಿಲ್ಲ.

ಎಕ್ಸ್‌ರೇಯಲ್ಲಿ ಗುಂಡು ಸ್ವಲ್ಪ ಕೆಳಕ್ಕೆ ಜೋತುಬಿದ್ದ ಹಾಗೆ ಕಂಡರೆ ಕೂಡಲೇ ಕೀಲು ತಪ್ಪಿದೆ ಅಂದುಕೊಳ್ಳಬೇಡಿ. ಪೆಟ್ಟು ಬಿದ್ದಮೇಲೆ ಭುಜದ ಸ್ನಾಯು ಕೆಲವು ವಾರ ಸೋತಿರುತ್ತದೆ, ಒಳಗೆ ರಕ್ತವೂ ತುಂಬಿರುತ್ತದೆ. ಹಾಗಾಗಿ ತೋಳು ಕೆಳಕ್ಕೆ ಇಳಿದಿರುತ್ತದೆ. ಸ್ನಾಯು ಚುರುಕಾದಂತೆ ಅದು ಮೇಲೆ ಬರುತ್ತದೆ. ನಿಜವಾಗಿ ತಪ್ಪಿದೆಯೋ ಇಲ್ಲವೋ ಅನ್ನುವುದನ್ನು ಡಾಕ್ಟರೇ ಹೇಳಬೇಕು. ವಾಟ್ಸಾಪಿನಲ್ಲಿ ಕಳಿಸಿದ ಮಸುಕು ಫೋಟೋ ನೋಡಿ ಸಂಬಂಧಿಕರು ಹೇಳುವುದಲ್ಲ. ಫಿಲ್ಮ್ ಅಥವಾ ಸಿಡಿ ಕೈಯಲ್ಲಿ ಇಟ್ಟುಕೊಳ್ಳಿ.

ಡಾಕ್ಟರನ್ನು ಏನು ಕೇಳಬೇಕು

ಗುಂಡು ಬಟ್ಟಲಿನಲ್ಲೇ ಇದೆಯಾ? ಇದು ಮೊದಲ ಪ್ರಶ್ನೆ. ಇಲ್ಲ ಅಂದರೆ ಬರೀ ಬೆಲ್ಟಿನಿಂದ ಆಗುವುದಿಲ್ಲ.

ಗುಂಡಿಗೂ ಉದ್ದ ಮೂಳೆಗೂ ಒಂದಕ್ಕೊಂದು ಸಂಪರ್ಕ ಇದೆಯಾ? ನನ್ನ ಪ್ರಕಾರ ವಯಸ್ಸಾದವರ ಮಟ್ಟಿಗೆ ಇದು ಅತಿ ಮುಖ್ಯವಾದ ಪ್ರಶ್ನೆ. ಒಂದರೊಳಗೊಂದು ಕಚ್ಚಿಕೊಂಡು ಕೂತಿದ್ದರೆ, ಸ್ವಲ್ಪ ಓರೆಯಾಗಿದ್ದರೂ ಪರವಾಗಿಲ್ಲ, ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಡಾಕ್ಟರ್ ತೋಳನ್ನು ಮೆಲ್ಲಗೆ ತಿರುಗಿಸಿದಾಗ ಗುಂಡೂ ಜೊತೆಗೇ ತಿರುಗಿದರೆ ಕಚ್ಚಿಕೊಂಡಿದೆ ಅಂತ ಲೆಕ್ಕ. ಉದ್ದ ಮೂಳೆ ಪೂರ್ತಿ ಒಳಗೆ ಜಾರಿ, ಎರಡಕ್ಕೂ ಸಂಪರ್ಕವೇ ಇಲ್ಲದಿದ್ದರೆ ಕೂಡಿಕೊಳ್ಳದೇ ಉಳಿಯುವ ಸಂಭವ ಜಾಸ್ತಿ. ಬೀಡಿ ಸಿಗರೇಟು ಸೇದುವವರಾದರೆ ಇನ್ನೂ ಜಾಸ್ತಿ.

ದೊಡ್ಡ ಉಬ್ಬು ಎಷ್ಟು ಸರಿದಿದೆ, ಯಾವ ಕಡೆಗೆ? ಈ ತುಂಡಿಗೆ 1 ಸೆಂಟಿಮೀಟರಿನ ನಿಯಮವನ್ನು ಈಗ ಹೆಚ್ಚಿನವರು ಹಾಗೇ ಪಾಲಿಸುವುದಿಲ್ಲ. 5 ಮಿಲಿಮೀಟರಿಗಿಂತ ಜಾಸ್ತಿ ಮೇಲಕ್ಕೆ ಅಥವಾ ಹಿಂದಕ್ಕೆ ಹೋಗಿದ್ದರೆ ಕೈ ಎತ್ತಿದಾಗ ಅದು ಮೇಲಿನ ಮೂಳೆಗೆ ತಾಗುತ್ತದೆ, ಕೈ ಭುಜದ ಮಟ್ಟದಲ್ಲೇ ನಿಲ್ಲುತ್ತದೆ. ಚಟುವಟಿಕೆಯಿಂದ ಇರುವವರಿಗೆ, ಕೈ ಮೇಲೆತ್ತಿ ಕೆಲಸ ಮಾಡುವವರಿಗೆ ಇಂಥದ್ದನ್ನು ಆಪರೇಷನ್ ಮಾಡಿ ಸರಿಪಡಿಸುವ ಬಗ್ಗೆ ಯೋಚಿಸುತ್ತಾರೆ. ಉಬ್ಬು ಒಂದೇ ಮುರಿದು, ಮೊದಮೊದಲು ಸರಿಯಾಗಿಯೇ ಕೂತಿದ್ದರೂ ಎರಡು ವಾರದಲ್ಲಿ ಸ್ನಾಯು ಅದನ್ನು ಎಳೆದುಕೊಂಡು ಹೋಗಬಹುದು. ಹಾಗಾಗಿ ಮತ್ತೆ ಎಕ್ಸ್‌ರೇ ಬೇಕು.

ಗುಂಡೇ ಸೀಳಿದೆಯಾ, ಅದಕ್ಕೆ ರಕ್ತ ಹೋಗುತ್ತಿದೆಯಾ? ಗುಂಡಿಗೆ ಹೋಗುವ ಸಣ್ಣ ರಕ್ತನಾಳಗಳು ಮುರಿತದಲ್ಲಿ ಹರಿದರೆ ಅದು ಒಳಗೊಳಗೇ ಸತ್ತು ಕುಸಿಯಬಹುದು. ಗುಂಡಿನ ಜೊತೆ ಒಳಬದಿಯಲ್ಲಿ ಉಳಿದಿರುವ ಮೂಳೆಯ ಚೂರು 8 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು, ಒಳಬದಿಯ ಸಂದು 2 ಮಿಲಿಮೀಟರಿಗಿಂತ ಜಾಸ್ತಿ ಸರಿದಿದ್ದರೆ ಆ ಅಪಾಯ ಹೆಚ್ಚು ಅಂತ ಡಾಕ್ಟರುಗಳು ನೋಡುತ್ತಾರೆ. ಆದರೆ ಮೊದಲ ದಿನ ರಕ್ತ ನಿಂತ ಗುಂಡುಗಳೆಲ್ಲ ಸಾಯುವುದಿಲ್ಲ. ಸತ್ತ ಗುಂಡುಗಳೆಲ್ಲ ನೋವು ಕೊಡುವುದೂ ಇಲ್ಲ.

ಬಿದ್ದೇ ಇಲ್ಲ, ಸುಮ್ನೆ ಬಕೆಟ್ ಎತ್ತುವಾಗ ಮುರಿಯಿತು ಅಂದರೆ ಅದನ್ನೂ ಹೇಳಿ. ಗಡ್ಡೆ ಅಥವಾ ಬೇರೆ ಕಾಯಿಲೆಯಿಂದ ಮೂಳೆ ಮೊದಲೇ ಸವೆದಿದೆಯಾ ಅಂತ ನೋಡಬೇಕಾಗುತ್ತದೆ, ಆಗ ಚಿಕಿತ್ಸೆಯ ದಾರಿಯೇ ಬೇರೆ.

ನೀವು ಡಾಕ್ಟರಿಗೆ ಏನು ಹೇಳಬೇಕು

ಇಪ್ಪತ್ತೈದು ವರ್ಷದ ಹುಡುಗ ಬೈಕಿನಿಂದ ಬಿದ್ದು ಮಾಡಿಕೊಂಡ ಮುರಿತವೂ, ಎಪ್ಪತ್ತೆರಡರ ಅಜ್ಜಿ ಹೊಸ್ತಿಲು ಎಡವಿ ಮಾಡಿಕೊಂಡ ಮುರಿತವೂ ಎಕ್ಸ್‌ರೇಯಲ್ಲಿ ಒಂದೇ ಥರ ಕಾಣಬಹುದು. ಚಿಕಿತ್ಸೆ ಒಂದೇ ಅಲ್ಲ. ಹುಡುಗನ ಮೂಳೆ ಗಟ್ಟಿ, ಅದು ಸ್ಕ್ರೂಗಳನ್ನು ಹಿಡಿದುಕೊಳ್ಳುತ್ತದೆ. ಮುಂದೆ ಐವತ್ತು ವರ್ಷ ಆ ಭುಜದಲ್ಲಿ ದುಡಿಯಬೇಕು. ಹಾಗಾಗಿ ಚೆನ್ನಾಗಿ ಸರಿದಿದ್ದರೆ ಆಪರೇಷನ್ ಮಾಡಿ ಜೋಡಿಸುವ ಕಡೆಗೇ ಒಲವು. ಅಜ್ಜಿಯ ಮೂಳೆ ಟೊಳ್ಳಾಗಿದ್ದರೆ ಪ್ಲೇಟ್ ಹಾಕುವುದು ಗೆದ್ದಲು ತಿಂದ ಮರಕ್ಕೆ ಸ್ಕ್ರೂ ತಿರುಗಿಸಿದ ಹಾಗೆ, ಹಿಡಿತ ಸಿಗುವುದು ಕಷ್ಟ. ಮಕ್ಕಳ ವಿಷಯ ಮತ್ತೂ ಬೇರೆ. ತೋಳಿನ ಮೂಳೆ ಉದ್ದ ಬೆಳೆಯುವುದು ನೂರಕ್ಕೆ ಸುಮಾರು 80 ಭಾಗ ಈ ಮೇಲಿನ ತುದಿಯಲ್ಲೇ, ಹಾಗಾಗಿ ಚಿಕ್ಕ ಮಕ್ಕಳಲ್ಲಿ ಓರೆಯಾಗಿ ಕೂಡಿಕೊಂಡದ್ದೂ ಬೆಳೆಯುತ್ತಾ ನೆಟ್ಟಗಾಗುತ್ತದೆ. ಅವರಿಗೆ ಆಪರೇಷನ್ ಬೇಕಾಗುವುದು ತೀರಾ ಅಪರೂಪ.

ಆದ್ದರಿಂದ ಡಾಕ್ಟರ ಮುಂದೆ ಕೂತಾಗ ಬರೀ ವಯಸ್ಸು ಹೇಳಬೇಡಿ, ದಿನ ಹೇಗೆ ಕಳೆಯುತ್ತದೆ ಅಂತ ಹೇಳಿ. ಬಲಗೈಯಾ ಎಡಗೈಯಾ. ಒಬ್ಬರೇ ಇರುತ್ತಾರಾ. ಅಡುಗೆ ಅವರೇ ಮಾಡುತ್ತಾರಾ, ಜಡೆ ಅವರೇ ಹಾಕಿಕೊಳ್ಳುತ್ತಾರಾ, ತೋಟದಲ್ಲಿ ಅಡಿಕೆ ಸುಲಿಯುತ್ತಾರಾ, ಊರುಗೋಲು ಅಥವಾ ವಾಕರ್ ಹಿಡಿದು ನಡೆಯುತ್ತಾರಾ. ಈ ಕೊನೆಯದು ಎಷ್ಟೋ ಸಲ ಮರೆತುಹೋಗುತ್ತದೆ. ವಾಕರ್ ಇಲ್ಲದೆ ನಡೆಯಲಾಗದವರಿಗೆ ಒಂದು ಕೈ ಕಟ್ಟಿಹಾಕಿದರೆ ಅವರು ಹಾಸಿಗೆ ಹಿಡಿಯುತ್ತಾರೆ ಅಥವಾ ಮತ್ತೆ ಬೀಳುತ್ತಾರೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ರಕ್ತ ತೆಳುವಾಗುವ ಮಾತ್ರೆ, ಮರೆವು, ಎಲ್ಲವನ್ನೂ ಹೇಳಬೇಕು. ಆಪರೇಷನ್ ಆದಮೇಲೆ ಹೇಳಿದ್ದನ್ನು ನೆನಪಿಟ್ಟು ವ್ಯಾಯಾಮ ಮಾಡುವ ಸ್ಥಿತಿಯಲ್ಲಿ ಇಲ್ಲದವರಿಗೆ ಎಷ್ಟು ಒಳ್ಳೆಯ ಪ್ಲೇಟ್ ಹಾಕಿದರೂ ಉಪಯೋಗ ಕಡಿಮೆ.

ಅಧ್ಯಯನಗಳು ಏನು ಹೇಳುತ್ತವೆ

ಬ್ರಿಟನ್ನಿನಲ್ಲಿ ಪ್ರೊಫರ್ ಎಂಬ ಒಂದು ದೊಡ್ಡ ಅಧ್ಯಯನ ನಡೆಯಿತು, ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂಳೆ ಸರಿದಿದ್ದ 250 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಬರೀ ಸ್ಲಿಂಗ್, ಅಂದರೆ ಕೈ ತೂಗುಹಾಕುವ ಪಟ್ಟಿ ಕೊಟ್ಟರು. ಎರಡೂ ಗುಂಪಿಗೆ ಫಿಸಿಯೋಥೆರಪಿ ಇತ್ತು. ಎರಡು ವರ್ಷ ನೋಡಿದರೂ ನೋವಿನಲ್ಲಿ, ಕೈ ಕೆಲಸದಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಐದು ವರ್ಷದ ನಂತರವೂ ಅಷ್ಟೇ. ಬೇರೆ ಬೇರೆ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದ 2022ರ ಕಾಕ್ರೇನ್ ವಿಮರ್ಶೆಯೂ ಹೆಚ್ಚು ಕಡಿಮೆ ಇದನ್ನೇ ಹೇಳಿತು.

ಇದನ್ನು ಓದಿ ಯಾರಿಗೂ ಆಪರೇಷನ್ ಬೇಡ ಅಂತ ಹೊರಡಬಾರದು. ಆ 250 ಜನರ ಸರಾಸರಿ ವಯಸ್ಸು 66. ಕೀಲು ತಪ್ಪಿದವರು, ಆಪರೇಷನ್ ಆಗಲೇಬೇಕು ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಕಂಡವರು ಅದರಲ್ಲಿ ಇರಲೇ ಇಲ್ಲ. ಹುಡುಗರ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ. ಆದರೆ ಅರವತ್ತೈದು ದಾಟಿದ, ಗುಂಡು ಬಟ್ಟಲಲ್ಲೇ ಇರುವ, ತುಂಡುಗಳು ಒಂದಿಷ್ಟು ಸರಿದಿರುವ ಅಮ್ಮನಿಗೆ ಪ್ಲೇಟ್ ಹಾಕಲೇಬೇಕು ಅಂತ ಯಾರಾದರೂ ಅವಸರ ಮಾಡಿದರೆ, ಬೆಲ್ಟ್ ಹಾಕಿದವರಿಗಿಂತ ಇವರಿಗೆ ಯಾವ ವಿಷಯದಲ್ಲಿ ಒಳ್ಳೆಯದಾಗುತ್ತದೆ ಅಂತ ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ಡಾಕ್ಟರ್ ಅದಕ್ಕೆ ಉತ್ತರ ಕೊಡುತ್ತಾರೆ. ಆ ಉತ್ತರದಲ್ಲಿ ನಿಮ್ಮ ಎಕ್ಸ್‌ರೇಯ ಮಾತಿರಬೇಕು.

ಆಪರೇಷನ್ ಅಂದರೆ ಯಾವುದು?

ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಪ್ಲೇಟ್. ಫಿಲೋಸ್ ಪ್ಲೇಟ್ ಅಂತ ಹೆಸರು ಕೇಳಿರುತ್ತೀರಿ. ತುಂಡುಗಳನ್ನು ಜೋಡಿಸಿ, ಪಕ್ಕದಲ್ಲಿ ಪ್ಲೇಟ್ ಇಟ್ಟು, ಗುಂಡಿನೊಳಗೆ ಹಲವಾರು ಸ್ಕ್ರೂ ಹಾಕುತ್ತಾರೆ. ಗಟ್ಟಿ ಮೂಳೆಗೆ ಒಳ್ಳೆಯದು. ಟೊಳ್ಳು ಮೂಳೆಯಲ್ಲಿ ಗುಂಡು ಕುಸಿದು ಸ್ಕ್ರೂ ಕೀಲಿನೊಳಗೆ ಇಣುಕುವುದು ಇದರ ದೊಡ್ಡ ತೊಂದರೆ, ಆಗ ಮತ್ತೆ ಆಪರೇಷನ್ ಮಾಡಬೇಕು. ಕೆಲವು ಟೂ ಪಾರ್ಟ್ ಮುರಿತಗಳಿಗೆ ಮೂಳೆಯೊಳಗೆ ರಾಡು ಹಾಕುತ್ತಾರೆ. ಚರ್ಮದ ಮೇಲಿನಿಂದಲೇ ತಂತಿ ಚುಚ್ಚಿ ನಿಲ್ಲಿಸುವುದೂ ಇದೆ.

ಮೂಳೆ ಜೋಡಿಸಲಾಗದಷ್ಟು ಪುಡಿಯಾಗಿದ್ದರೆ ಕೀಲು ಬದಲಾಯಿಸುವ ಮಾತು ಬರುತ್ತದೆ. ಮೊದಲೆಲ್ಲ ಗುಂಡು ಮಾತ್ರ ಬದಲಾಯಿಸುತ್ತಿದ್ದರು. ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ಎರಡೂ ಉಬ್ಬುಗಳು ಅದರ ಪಕ್ಕ ಕೂಡಿಕೊಳ್ಳಬೇಕು, ವಯಸ್ಸಾದವರಲ್ಲಿ ಎಷ್ಟೋ ಸಲ ಕೂಡಿಕೊಳ್ಳುವುದಿಲ್ಲ. ಈಗ ಹೆಚ್ಚಾಗಿ ರಿವರ್ಸ್ ಶೋಲ್ಡರ್ ಅನ್ನುತ್ತಾರೆ. ಬಟ್ಟಲಿದ್ದ ಕಡೆ ಗುಂಡು, ಗುಂಡಿದ್ದ ಕಡೆ ಬಟ್ಟಲು ಇಡುತ್ತಾರೆ. ಹೀಗೆ ತಿರುಗಿಸಿದಾಗ ಹರಿದ ಸ್ನಾಯುಗಳ ಕೆಲಸವನ್ನೂ ಡೆಲ್ಟಾಯ್ಡ್ ಸ್ನಾಯುವೇ ಮಾಡುತ್ತದೆ. ಫ್ರಾನ್ಸಿನ ಪಾಲ್ ಗ್ರಾಮಾಂ 1985ರಲ್ಲಿ ರೂಪಿಸಿದ ವಿನ್ಯಾಸ ಇದು. 65ರಿಂದ 85 ವರ್ಷದ 124 ಜನರ ಮೇಲೆ ನಾರ್ವೆಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತುಂಬಾ ಸರಿದಿದ್ದ ಮುರಿತಗಳಿಗೆ ಎರಡು ವರ್ಷದ ಕೊನೆಗೆ ಪ್ಲೇಟಿಗಿಂತ ರಿವರ್ಸ್ ಹಾಕಿಸಿಕೊಂಡವರ ಕೈ ಚೆನ್ನಾಗಿ ಆಡುತ್ತಿತ್ತು. ಹಾಗಾಗಿ ಎಪ್ಪತ್ತು ದಾಟಿದವರಿಗೆ ಆಪರೇಷನ್ ಬೇಕೇ ಬೇಕು ಅಂತಾದರೆ, ಪ್ಲೇಟಾ ರಿವರ್ಸಾ ಅಂತ ಕೇಳಿ. ಡೆಲ್ಟಾಯ್ಡಿನ ನರ ಕೆಲಸ ಮಾಡುತ್ತಿರಬೇಕು ಅನ್ನುವುದು ರಿವರ್ಸಿಗೆ ಮುಖ್ಯ. ಆ ಆಪರೇಷನ್ನನ್ನು ಮಾಡುವ ಡಾಕ್ಟರ್ ಎಷ್ಟು ಮಾಡಿದ್ದಾರೆ ಅಂತ ಕೇಳುವುದೂ ತಪ್ಪಲ್ಲ.

ಯಾವ ಆಪರೇಷನ್ನಿಗೂ ಸೋಂಕು, ನರಕ್ಕೆ ಪೆಟ್ಟು, ಭುಜ ಬಿಗಿಯಾಗುವುದು, ಅರಿವಳಿಕೆಯ ತೊಂದರೆ ಇದ್ದೇ ಇದೆ. ಖರ್ಚು ಕೇಳುವಾಗ ಪ್ಲೇಟ್ ಅಥವಾ ಕೀಲಿನ ಬೆಲೆ ಸೇರಿದೆಯಾ ಅಂತ ಬಿಡಿಸಿ ಕೇಳಿ. ರಿವರ್ಸ್ ಕೀಲು ಪ್ಲೇಟಿಗಿಂತ ಸಾಕಷ್ಟು ದುಬಾರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ನಿಮಗೆ ಹೇಳಿರುವ ಆಪರೇಷನ್ ಅದರ ಪಟ್ಟಿಯಲ್ಲಿದೆಯಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ.

ಆಪರೇಷನ್ ಮಾಡಿಸುವುದೇ ಆದರೆ ಎಳೆಯಬೇಡಿ. ಎರಡು ವಾರದೊಳಗೆ ಆದರೆ ತುಂಡುಗಳನ್ನು ಜೋಡಿಸುವುದು ಸುಲಭ, ಆಮೇಲೆ ಅವು ತಪ್ಪು ಜಾಗದಲ್ಲೇ ಅಂಟಿಕೊಳ್ಳಲು ಶುರುಮಾಡುತ್ತವೆ.

ಬೆಲ್ಟ್ ಅಂತ ತೀರ್ಮಾನವಾದರೆ

ಬೆಲ್ಟ್ ಹಾಕಿ ಮೂಲೆಯಲ್ಲಿ ಕೂರಿಸುವುದು ಚಿಕಿತ್ಸೆ ಅಲ್ಲ. ನನಗೆ ಅತಿ ಹೆಚ್ಚು ಸಂಕಟವಾಗುವುದು ಇಲ್ಲೇ. ಮೂಳೆ ಚೆನ್ನಾಗಿ ಕೂಡಿಕೊಂಡಿರುತ್ತದೆ, ಆದರೆ ಎರಡು ತಿಂಗಳು ಕೈಯನ್ನು ಎದೆಗೆ ಕಟ್ಟಿಕೊಂಡೇ ಇದ್ದು ಭುಜ ಕಲ್ಲಾಗಿರುತ್ತದೆ, ಮೊಣಕೈ ನೆಟ್ಟಗಾಗುವುದಿಲ್ಲ, ಬೆರಳು ಮಡಚಲು ಬರುವುದಿಲ್ಲ. ಆಪರೇಷನ್ ಮಾಡಿಸಲಿಲ್ಲ, ಅದಕ್ಕೇ ಹೀಗಾಯಿತು ಅಂತ ಮನೆಯವರು ನೊಂದುಕೊಳ್ಳುತ್ತಾರೆ. ಕಾರಣ ಅದಲ್ಲ, ಕೈ ಆಡಿಸಿ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಬೇಕು. ದಿನಕ್ಕೆ ನಾಲ್ಕೈದು ಸಲ ಬೆಲ್ಟ್ ಬಿಚ್ಚಿ, ತೋಳನ್ನು ಮೈಗೆ ಒರಗಿಸಿಕೊಂಡೇ ಮೊಣಕೈ ಮಡಚಿ ಬಿಡಿಸಬೇಕು. ಮಲಗುವುದು ಮೊದಲ ಎರಡು ವಾರ ನಿಜಕ್ಕೂ ಕಷ್ಟ. ಚಪ್ಪಟೆ ಮಲಗಿದರೆ ನೋವು ಜಾಸ್ತಿ, ಹಾಗಾಗಿ ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಒರಗಿ ಕೂತ ಹಾಗೆ ಮಲಗಿಸಿ, ತೋಳಿನ ಹಿಂದೆ ಒಂದು ಚಿಕ್ಕ ದಿಂಬು ಇಡಿ. ಸೀರೆ ರವಿಕೆ ಕೆಲವು ವಾರ ಆಗದು. ಮುಂದೆ ಬಟನ್ ಇರುವ ಸಡಿಲ ನೈಟಿ ಅಥವಾ ಅಂಗಿ ಹಾಕಿ. ಹಾಕುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಕಂಕುಳನ್ನು ದಿನಾ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಬೆವರಿಗೆ ಚರ್ಮ ಸುಲಿಯುತ್ತದೆ. ಸ್ವಲ್ಪ ಮುಂದಕ್ಕೆ ಬಗ್ಗಿದರೆ ಕೈ ತಾನಾಗಿಯೇ ಮೈಯಿಂದ ದೂರ ಬರುತ್ತದೆ, ಆಗ ಒರೆಸಬಹುದು. ನೋವಿನ ಮಾತ್ರೆಯನ್ನು ಡಾಕ್ಟರ್ ಹೇಳಿದಂತೆ ಕೊಡಿ. ವಯಸ್ಸಾದವರಿಗೆ, ಕಿಡ್ನಿ ಅಥವಾ ಬಿಪಿ ತೊಂದರೆ ಇರುವವರಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ಬೇಡ.

ನಾಲ್ಕೈದು ದಿನಕ್ಕೆ ತೋಳು, ಎದೆ, ಮೊಣಕೈವರೆಗೆ ಕಪ್ಪು ನೀಲಿ ಬಣ್ಣ ಇಳಿಯುತ್ತದೆ. ನೋಡಿದರೆ ಹೆದರಿಕೆಯಾಗುತ್ತದೆ. ಮುರಿದ ಜಾಗದ ರಕ್ತ ಕೆಳಗೆ ಇಳಿಯುವುದು ಅದು, ಹಳದಿಯಾಗಿ ಮಾಯವಾಗುತ್ತದೆ.

ಒಂದು ವಾರಕ್ಕೆ ಮತ್ತೆ ಎಕ್ಸ್‌ರೇ ತೆಗೆದು, ತುಂಡುಗಳು ಮತ್ತಷ್ಟು ಸರಿದಿಲ್ಲ ಅಂತ ಖಾತ್ರಿಯಾದರೆ ಭುಜ ಆಡಿಸಲು ಶುರು. ಒಳ್ಳೆಯ ಕೈಯಲ್ಲಿ ಮೇಜು ಹಿಡಿದು, ಮುಂದಕ್ಕೆ ಬಗ್ಗಿ, ಪೆಟ್ಟಾದ ಕೈಯನ್ನು ಜೋತುಬಿಟ್ಟು ಮೈಯನ್ನು ಮೆಲ್ಲಗೆ ತೂಗಿದರೆ ಕೈ ತಾನೇ ಆಡುತ್ತದೆ. ಕಚ್ಚಿಕೊಂಡ ಮುರಿತಗಳಲ್ಲಿ ಇದನ್ನು ಒಂದು ವಾರದೊಳಗೆ ಶುರುಮಾಡಿದವರಿಗೆ ಮೂರು ವಾರ ಕಾದವರಿಗಿಂತ ನೋವು ಬೇಗ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಎರಡು ಮೂರು ವಾರದ ನಂತರ ಬೆಲ್ಟನ್ನು ಮನೆಯೊಳಗೆ ಬಿಚ್ಚಿಡುತ್ತಾ ಬರಬೇಕು, ಒಳ್ಳೆಯ ಕೈಯಿಂದ ಹಿಡಿದು ಅಥವಾ ಕೋಲು ಹಿಡಿದು ಪೆಟ್ಟಾದ ಕೈಯನ್ನು ಎತ್ತಬೇಕು. ಆರು ವಾರದ ಎಕ್ಸ್‌ರೇಯಲ್ಲಿ ಕೂಡಿಕೊಂಡಿದ್ದು ಕಂಡಮೇಲೆ ತನ್ನ ಬಲದಿಂದಲೇ ಎತ್ತುವುದು, ಗೋಡೆಯ ಮೇಲೆ ಬೆರಳು ನಡೆಸುತ್ತಾ ಹೋಗುವುದು. ತುಂಬಿದ ಕೊಡ, ಕುಕ್ಕರ್ ಎತ್ತುವುದು, ಸ್ಕೂಟರ್ ಓಡಿಸುವುದು ಎಲ್ಲ ಮೂರು ತಿಂಗಳ ಆಸುಪಾಸಿನಲ್ಲಿ ಡಾಕ್ಟರ್ ಒಪ್ಪಿದ ಮೇಲೆ. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಪಾಲಿಸಿ, ಅವರು ನಿಮ್ಮ ಎಕ್ಸ್‌ರೇ ನೋಡಿದ್ದಾರೆ.

ಪುತ್ತೂರು ಕಟ್ಟು, ನಾಟಿ ಕಟ್ಟು ಹಾಕಿಸೋಣ ಅನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಜಾಗಕ್ಕೆ ಅದು ಹೊಂದುವುದಿಲ್ಲ. ದಬ್ಬೆ ಕಟ್ಟಿ ಮುರಿತವನ್ನು ಹಿಡಿಯಬೇಕಾದರೆ ಮುರಿದ ಜಾಗದ ಮೇಲೂ ಕೆಳಗೂ ಮೂಳೆ ಸಿಗಬೇಕು. ಇಲ್ಲಿ ಮೇಲೆ ಇರುವುದು ಕೀಲು, ಅದನ್ನು ಹೊರಗಿನಿಂದ ಹಿಡಿಯಲು ಆಗುವುದೇ ಇಲ್ಲ. ಉಳಿಯುವುದು ಬಿಗಿ ಕಟ್ಟು ಮಾತ್ರ. ವಾರಗಟ್ಟಲೆ ಭುಜ ಅಲ್ಲಾಡದ ಹಾಗೆ ಮಾಡಿದರೆ ಅದು ಬಿಗಿದುಕೊಳ್ಳುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಕೂರಿಸುವುದು ಇನ್ನೂ ಅಪಾಯ, ಕಚ್ಚಿಕೊಂಡಿದ್ದ ಮುರಿತ ಬಿಟ್ಟುಹೋಗಬಹುದು.

ಎಷ್ಟು ಗುಣವಾದರೆ ಸಾಕು?

ಇದನ್ನು ಮೊದಲೇ ಮಾತಾಡಿಕೊಳ್ಳಬೇಕು. ಸರಿದ ಮುರಿತ ಆದವರಲ್ಲಿ ಹಲವರಿಗೆ, ಆಪರೇಷನ್ ಆದರೂ ಆಗದಿದ್ದರೂ, ಕೈ ಪೂರ್ತಿ ಕಿವಿಯವರೆಗೆ ಹೋಗುವುದಿಲ್ಲ. ಕಷ್ಟಪಟ್ಟು ವ್ಯಾಯಾಮ ಮಾಡಿದರೆ ತಲೆ ಬಾಚಿಕೊಳ್ಳುವ, ಊಟ ಮಾಡುವ, ಬೆನ್ನ ಹಿಂದೆ ಒಂದಿಷ್ಟು ಹೋಗುವ ಕೈ ಬರುತ್ತದೆ. ಎಪ್ಪತ್ತೈದರ ಅಮ್ಮನಿಗೆ ಮೇಲಿನ ಶೆಲ್ಫಿನ ಡಬ್ಬಿ ಸಿಗದಿದ್ದರೆ ಆ ಡಬ್ಬಿಯನ್ನು ಕೆಳಗಿಡಬಹುದು, ಅಲ್ವಾ? ಪೇಂಟಿಂಗ್ ಕೆಲಸ ಮಾಡುವ ನಲವತ್ತರವರಿಗೆ ಅದೇ ಕೊರತೆ ಹೊಟ್ಟೆಪಾಡಿನ ಪ್ರಶ್ನೆ. ಇಬ್ಬರಿಗೂ ಬೇರೆ ಬೇರೆ ತೀರ್ಮಾನ ಸರಿಯಾಗಿರಬಹುದು. ಎಕ್ಸ್‌ರೇಯಲ್ಲಿ ಸೊಟ್ಟಗೆ ಕೂಡಿಕೊಂಡಿದೆ ಅನ್ನುವುದೊಂದನ್ನೇ ಇಟ್ಟುಕೊಂಡು ಕೊರಗಬೇಡಿ, ಸೊಟ್ಟ ಮೂಳೆಯಲ್ಲೂ ಚೆನ್ನಾಗಿ ಆಡುವ ಭುಜಗಳನ್ನು ನಾನು ದಿನಾ ನೋಡುತ್ತೇನೆ. ಸುಧಾರಣೆ ಒಂದು ವರ್ಷದವರೆಗೂ ನಡೆಯುತ್ತಲೇ ಇರುತ್ತದೆ, ಮೂರನೇ ತಿಂಗಳಿಗೇ ಕೈಬಿಡಬೇಡಿ.

ತೀರ್ಮಾನ ಒಂದು ಸಲ ಮಾಡಿದ್ದು ಕೊನೆಯವರೆಗೂ ಅದೇ ಇರಬೇಕು ಅಂತಿಲ್ಲ. ಒಂದನೇ, ಎರಡನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ತುಂಬಾ ಸರಿದಿದ್ದರೆ ಆಪರೇಷನ್ ಬಗ್ಗೆ ಮತ್ತೆ ಕೂತು ಮಾತಾಡಿ. ಮೂರು ತಿಂಗಳಾದರೂ ಮುರಿದ ಜಾಗದಲ್ಲಿ ಅಲ್ಲಾಟ, ಕೈ ಎತ್ತಿದಾಗೆಲ್ಲ ನೋವು ಇದ್ದರೆ ಕೂಡಿಕೊಂಡಿಲ್ಲದಿರಬಹುದು. ಬೆಲ್ಟಿನಲ್ಲಿ ಸರಿಹೋಗದ ಕೆಲವರಿಗೆ ಆಮೇಲೆ ರಿವರ್ಸ್ ಕೀಲು ಹಾಕುವ ದಾರಿಯೂ ಇದೆ.

ಇನ್ನು ಬಿದ್ದವರ ವಯಸ್ಸು ಐವತ್ತು ದಾಟಿದ್ದು, ನಿಂತಲ್ಲಿಂದ ಬಿದ್ದದ್ದಕ್ಕೇ ಮೂಳೆ ಮುರಿದಿದೆ ಅಂದರೆ ಮೂಳೆ ಸವಕಳಿ ಇದೆಯಾ ಅಂತ ನೋಡಲೇಬೇಕು. ಭುಜ ಮುರಿದವರಿಗೆ ಮುಂದೆ ಸೊಂಟದ ಮೂಳೆ ಮುರಿಯುವ ಅಪಾಯ ಬೇರೆಯವರಿಗಿಂತ ಹೆಚ್ಚು, ಅದರಲ್ಲೂ ಮೊದಲ ವರ್ಷ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ನೋಡಿಸಿ. ಮೂಳೆ ಗಟ್ಟಿಯಾಗಲು ವಾರಕ್ಕೊಂದು ಮಾತ್ರೆ ಇದೆ, ವರ್ಷಕ್ಕೊಂದು ಇಂಜೆಕ್ಷನ್ನೂ ಇದೆ, ಯಾವುದು ಸರಿ ಅಂತ ಡಾಕ್ಟರ್ ಹೇಳುತ್ತಾರೆ. ಭುಜದ ಗಲಾಟೆಯಲ್ಲಿ ಇದನ್ನು ಯಾರೂ ಎತ್ತದೇ ಹೋಗುವುದು ಮಾಮೂಲಿ, ಆರು ವಾರದ ಎಕ್ಸ್‌ರೇಗೆ ಹೋದ ದಿನ ನೀವೇ ಕೇಳಿ.